ಗೃಹವಿಚಾರ: ಮೋಟಾರುಗಾಡಿಯೊಳಗಿನ ಮನೆ

ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿರುವ ನಮ್ಮ ಅಣ್ಣನ ಮಗನಿಂದ ಕಳೆದ ತಿಂಗಳು ಪತ್ರವೊಂದು ಬಂದಿತು. ಹಳೆಯ ಸರಕಿನ ವ್ಯಾನೊಂದನ್ನು ಕೊಂಡು, ಒಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನು ಜೋಡಿಸಿ, ಮುಂದಿನ ಬೇಸಗೆಯಲ್ಲಿ ತಾಯಿತಂದೆಗಳನ್ನು ಮತ್ತೊಮ್ಮೆ ಕರೆಯಿಸಿಕೊಂಡು ಊರೂರು ಸುತ್ತಬೇಕೆಂಬುದು ಅವನ ಸಂಕಲ್ಪವು. ಕ್ಯಾಂಪರ್ ವ್ಯಾನ್ ಎಂದು ಕರೆಯಲ್ಪಡುವ ಈ ಬಗೆಯ ಗಾಡಿಯ ಒಳಗಿನ ಏರ್ಪಾಡಿಗೆ ಮೂರು ನಕ್ಷೆಗಳನ್ನು ಕಳುಹಿಸಿ, “ಚಿಕ್ಕಪ್ಪಾ, ಇವುಗಳಲ್ಲಿ ಯಾವುದು ಲೇಸೆಂದು ತಿಳಿಸಬೇಕು” ಎಂದು ಕೇಳಿರುವನು. ಮಕ್ಕಳು ಹೊರದೇಶಗಳಲ್ಲಿರುವ ವಾಚಕರು ಅನೇಕರಿರುವುದರಿಂದ, ಅವನಿಗೆ ಬರೆದುದನ್ನೇ ಇಲ್ಲಿಯೂ ಬರೆಯುತ್ತೇವೆ.

ಮೊದಲನೆಯ ನಕ್ಷೆಯು ಹಳೆಯ ಸಂಪ್ರದಾಯದ್ದು. 1950ರಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆಯವರು ಟ್ರಾನ್ಸ್‌ಪೋರ್ಟರ್ ಎಂಬ ವ್ಯಾನನ್ನು ತಯಾರಿಸತೊಡಗಿದರು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆಯವರು ಅದರೊಳಗೆ ಇಟ್ಟು ತೆಗೆಯಬಹುದಾದ ಮರದ ಸಾಮಾನುಗಳನ್ನು ಮಾಡಿಕೊಟ್ಟರು. ವಾರದ ದಿನಗಳಲ್ಲಿ ಸರಕು, ರಜೆಯಲ್ಲಿ ಸಂಸಾರ! ಆ ವಂಶದ ಇಂದಿನ ಗಾಡಿಗಳಲ್ಲಿ ಒಂದು ಪಕ್ಕದ ಉದ್ದಕ್ಕೂ ಒಲೆ ಮತ್ತು ಕಪಾಟುಗಳು. ಹಿಂದುಗಡೆ ಹಗಲು ಆಸನವೂ ರಾತ್ರಿ ಹಾಸಿಗೆಯೂ ಆಗುವ ಬೆಂಚು. ಮೇಲೆ, ಎತ್ತಿದರೆ ಗುಡಾರದಂತೆ ಏಳುವ ಮಾಡು. ಮಾಡನ್ನು ಇಳಿಸಿದಾಗ ಎತ್ತರವು ಸುಮಾರು ಎರಡು ಮೀಟರು ಮಾತ್ರವಾದುದರಿಂದ ನಗರದಲ್ಲಿ ನಿಲ್ಲಿಸುವುದು ಸುಲಭ. ಆದರೆ ಬೆಂಚನ್ನು ಪ್ರತಿರಾತ್ರಿ ಬಿಡಿಸಿ ಪ್ರತಿಬೆಳಗು ಮಡಿಸಬೇಕು. ಒಬ್ಬರಿಗೆ ನಿದ್ದೆ ಬಂದರೆ ಉಳಿದವರೆಲ್ಲ ಏಳಬೇಕು. ತರುಣ ದಂಪತಿಗಳಿಗೆ ಇದು ವಿನೋದವಾದೀತು; ಮಂಡಿನೋವಿನ ಹಿರಿಯರಿಗೆ ಅಲ್ಲ.

ಎರಡನೆಯದು ಫಿಯಟ್ ಡುಕಾಟೊವಿನಂತಹ ಎತ್ತರದ ವ್ಯಾನಿನದು. ಗಾಡಿಯ ಉದ್ದವು 5.99 ಮೀಟರು, ಒಳಗೆ ನೆಟ್ಟಗೆ ನಿಲ್ಲಬಹುದು. ಹಿಂದೆ ಅಡ್ಡಲಾಗಿ ಸ್ಥಿರವಾದ ಹಾಸಿಗೆ, ಅದರ ಕೆಳಗೆ ಪೆಟ್ಟಿಗೆಗಳು, ನಡುವೆ ಪುಟ್ಟ ಶೌಚದ ಕೋಣೆ, ಸರಿಯುವ ಬಾಗಿಲ ಬಳಿ ಒಲೆ. ಅಡ್ಡ ಹಾಸಿಗೆಯು ಗಾಡಿಯ ಉದ್ದದಲ್ಲಿ ತನ್ನ ಅಗಲದಷ್ಟು ಸ್ಥಳವನ್ನು ಮಾತ್ರ ತಿನ್ನುವುದರಿಂದ, ಮಿಕ್ಕಿದುದೆಲ್ಲ ಅಡುಗೆಗೂ ಕುಳಿತುಕೊಳ್ಳುವುದಕ್ಕೂ ದೊರೆಯುವುದು. ಅವನು ಹೋದ ವರ್ಷ ಬಾಡಿಗೆಗೆ ತಂದುದೂ ಇಂತಹುದೇ ಗಾಡಿ. “ಅಪ್ಪ ಅಮ್ಮನಿಗೆ ಬಹಳ ಹಿಡಿಸಿತು” ಎಂದು ಬರೆದು, ಇದರ ಮೇಲೆಯೇ ಮನಸ್ಸಿಟ್ಟಿರುವನು.

ಇಲ್ಲಿ ನಾವು ಒಂದು ಮನೆಯ ಮಾತನ್ನು ಹೇಳಬೇಕಾಗಿದೆ. ಪ್ರವಾಸದಿಂದ ಮರಳಿದ ಅತ್ತಿಗೆಯವರು ನಮ್ಮ ಮನೆಯಾಕೆಯೊಡನೆ ಅಡುಗೆಮನೆಯಲ್ಲಿ ಹೇಳಿದುದಿದು: ಅಣ್ಣನವರ ಮಂಡಿನೋವಿಗಾಗಿ ಅವರಿಗೆ ಹೊರಗಿನ ಮಗ್ಗುಲನ್ನು ಬಿಟ್ಟು, ತಾವು ಹಿಂಬಾಗಿಲ ಕಡೆಯಲ್ಲಿ ಮಲಗಿದರಂತೆ. ರಾತ್ರಿಯಲ್ಲಿ ಏಳಬೇಕಾದರೆ ಗಂಡನನ್ನು ದಾಟಿಯೇ ಹೋಗಬೇಕು. ಆದಕಾರಣ ಸಂಜೆ ಐದು ಗಂಟೆಯ ಮೇಲೆ ಅವರು ನೀರನ್ನೇ ಕುಡಿಯಲಿಲ್ಲ, ಹನ್ನೊಂದು ದಿನ! ಸೊಸೆಯು ತಲೆಯ ಬಳಿ ಇಟ್ಟ ನೀರು ಬೆಳಗ್ಗೆ ಹಾಗೆಯೇ ಇರುತ್ತಿದ್ದಿತು. ಅತ್ತೆಯವರಿಗೆ ಚಳಿ ತಾಕಿರಬೇಕೆಂದು ಆಕೆ ಕಷಾಯವನ್ನು ಬೇರೆ ಮಾಡಿಕೊಟ್ಟಳಂತೆ. “ಮಕ್ಕಳು ಅಷ್ಟು ಖರ್ಚು ಮಾಡಿದ್ದಾರೆ, ಹೇಗೆ ಹೇಳಲಿ?” ಎಂದರು.

ಆದುದರಿಂದ ನಮ್ಮ ಮತವು ಮೂರನೆಯ ನಕ್ಷೆಗೆ. ಅದೇ ಜಾತಿಯ 6.36 ಮೀಟರಿನ ಗಾಡಿಯಲ್ಲಿ ಎರಡು ಹಾಸಿಗೆಗಳು ಉದ್ದುದ್ದವಾಗಿ, ನಡುವೆ ಓಣಿಯಿಟ್ಟುಕೊಂಡು ಬರುವುವು. ಯಾರು ಯಾರನ್ನೂ ದಾಟದೆ ಇಳಿಯಬಹುದು. ಗಾಡಿಯ ಉದ್ದವು 37 ಸೆಂಟಿಮೀಟರು ಹೆಚ್ಚುವುದು. ಹಳೆಯ ಊರುಗಳ ಇಕ್ಕಟ್ಟಾದ ಬೀದಿಗಳಲ್ಲಿ ಅದರ ತೊಂದರೆ ಇಲ್ಲದಿಲ್ಲ. ಅದನ್ನು ಗಾಡಿ ನಡೆಸುವವನು ಸಹಿಸಲಿ. ಮಗ ಸೊಸೆಯರು ಮೇಲಕ್ಕೇಳುವ ಮಾಡಿನಲ್ಲಿ ಮಲಗಬಹುದು. ಏಣಿಯನ್ನು ಹತ್ತುವ ವಯಸ್ಸು ಅವರದು.

ಇನ್ನು ಕಟ್ಟಿಸುವ ವಿಷಯ. ಮರಗೆಲಸವನ್ನು ಅವನೇ ಮಾಡಿಕೊಳ್ಳಬಹುದು. ಆದರೆ ಪಟ್ಟಿಯುಳ್ಳ ಹಿಂದಿನ ಆಸನವನ್ನೂ ಅನಿಲದ ಕೊಳವೆಗಳನ್ನೂ ಬಲ್ಲವರಿಂದಲೇ ಕೂಡಿಸತಕ್ಕದ್ದು. ಅಡುಗೆಯ ಅನಿಲವು ಗಾಳಿಗಿಂತ ಭಾರವಾದುದು. ಸೋರಿದರೆ ಕೆಳಗೆ ನಿಲ್ಲುವುದು. ಸಿಲಿಂಡರು ಇರುವ ಕಪಾಟಿನ ತಳದಲ್ಲಿ ಹೊರಕ್ಕೆ ರಂಧ್ರವಿರಲೇಬೇಕು. ಒಲೆಯನ್ನು ಬಾಗಿಲ ಬಳಿಯಲ್ಲಿಯೇ ಇಡಲಿ, ಇಲ್ಲವಾದರೆ ಇಂಗಿನ ಒಗ್ಗರಣೆಯು ಹಾಸಿಗೆಯ ಜೊತೆಯಲ್ಲಿ ದೇಶ ತಿರುಗುವುದು. ತೂಕವನ್ನೂ ಲೆಕ್ಕಹಾಕಬೇಕು. ಇಂತಹ ಗಾಡಿಗಳ ಒಟ್ಟು ತೂಕವು ಸಾಮಾನ್ಯವಾಗಿ 3,500 ಕಿಲೋಗ್ರಾಮಿಗೆ ಕಟ್ಟುಬಿದ್ದಿರುವುದು; ನೂರು ಲೀಟರು ನೀರೆಂದರೆ ನೂರು ಕಿಲೋಗ್ರಾಮು, ಅತ್ತಿಗೆಯವರ ರುಬ್ಬುವ ಯಂತ್ರವು ಬೇರೆ.

ಒಂದು ಮೊಳೆಯನ್ನು ಹೊಡೆಯುವುದಕ್ಕೂ ಮೊದಲು, ಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಅಳತೆಗೆ ಸರಿಯಾಗಿ ನಕ್ಷೆಯನ್ನು ಬರೆದು, ಅದರೊಳಗೆ ಒಂದು ರಾತ್ರಿ ಮಲಗಿ ಎದ್ದು ನೋಡೆಂದು ಅವನಿಗೆ ತಿಳಿಸಿದೆವು. ನೀರಿನ ಸಂಗತಿಯನ್ನು ಬರೆಯಬಹುದೇ ಎಂದು ಅತ್ತಿಗೆಯವರನ್ನು ಮೊದಲೇ ಕೇಳಿದ್ದೆವು. “ಬರೆಯಿರಿ, ಆದರೆ ನಾನು ಅಂದೆನೆಂದು ಬೇಡ” ಎಂದರು. ಅದು ಹೇಗೆ ಸಾಧ್ಯವೋ ನಮಗೆ ತೋರಲಿಲ್ಲ. ಇದ್ದುದನ್ನು ಇದ್ದಂತೆ ಬರೆದೆವು.

ಮೊನ್ನೆ ಉತ್ತರವು ಬಂದಿದೆ. ಮೂರನೆಯ ನಕ್ಷೆಯನ್ನು ನೆಲದ ಮೇಲೆ ಬರೆದಿರುವನಂತೆ. ಸೊಸೆಯು ಅದರಲ್ಲಿ ಅರ್ಧ ಕಪಾಟನ್ನು ಒರಸಿ, ಓಣಿಯನ್ನು ಇನ್ನೊಂದು ಗೇಣು ಅಗಲ ಮಾಡಿರುವಳಂತೆ.