ದುಡ್ಡು ಕಟ್ಟಿದ ಮೇಲೆ ಬಾಗಿಲು ತೆರೆಯಿರಿ: ವಿಮಾನ ಕಂಪನಿಗಳ ಹೆಸರಿನ ಕ್ರೆಡಿಟ್ ಕಾರ್ಡ್ ಪಡೆದವರ ಹಕ್ಕೊತ್ತಾಯ ಪತ್ರ

ಇವರಿಗೆ: ಭಾರತೀಯ ರಿಸರ್ವ್ ಬ್ಯಾಂಕ್, ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಕಾರ್ಡ್ ಕೊಡುವ ಬ್ಯಾಂಕುಗಳು, ಆ ಕಾರ್ಡಿಗೆ ತಮ್ಮ ಹೆಸರು ಕೊಡುವ ವಿಮಾನ ಕಂಪನಿಗಳು, ಲೌಂಜ್ ನಡೆಸುವ ಸಂಸ್ಥೆಗಳು, ವಿಮಾನ ನಿಲ್ದಾಣಗಳ ಆಡಳಿತ.

ಇವರಿಂದ: ಕರ್ನಾಟಕದ ವಿಮಾನ ನಿಲ್ದಾಣಗಳಿಂದ ಪ್ರಯಾಣ ಮಾಡುವ ಕಾರ್ಡುದಾರರು.



ಬೆಲೆಬಾಳುವ ಸೋಫಾ, ಬಿಸಿ ಇಡ್ಲಿ, ಫಿಲ್ಟರ್ ಕಾಫಿ ನಮ್ಮ ಜನ್ಮಸಿದ್ಧ ಹಕ್ಕು ಎಂದು ನಾವು ಹೇಳುತ್ತಿಲ್ಲ. ನಿಲ್ದಾಣದ ಲೌಂಜ್ ಎಂಬ ವಿಶ್ರಾಂತಿ ಕೋಣೆ ಇಲ್ಲದೆಯೂ ವಿಮಾನ ಹತ್ತಬಹುದು, ಬಹುಪಾಲು ಜನ ಹಾಗೇ ಹತ್ತುತ್ತಾರೆ. ನಮ್ಮ ತಕರಾರು ಬೇರೆ. ವರ್ಷದ ಶುಲ್ಕ, ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ ಕಟ್ಟಿಸಿಕೊಂಡು ನಮಗೆ ಲೌಂಜ್ ಪ್ರವೇಶ ಎಂಬ ಒಂದು ಸೌಲಭ್ಯವನ್ನು ಮಾರಲಾಗಿದೆ. ಮಾರಿದ ಮೇಲೆ ಅದನ್ನು ಉಡುಗೊರೆ ಎಂದು ಕರೆಯಲಾಗುತ್ತಿದೆ. ಉಡುಗೊರೆಯಾದರೆ ಕೊಟ್ಟವರು ಯಾವಾಗ ಬೇಕಾದರೂ ಕೈ ಹಿಂದೆಗೆಯಬಹುದು, ಕೇಳುವವರಿಲ್ಲ. ಮಾರಿದ ವಸ್ತುವಾದರೆ ಲೆಕ್ಕ ಕೊಡಬೇಕಾಗುತ್ತದೆ. ಈ ಪತ್ರದ ಎಲ್ಲ ಬೇಡಿಕೆಗಳೂ ಹುಟ್ಟಿರುವುದು ಇಲ್ಲಿಂದ.

ಲೌಂಜ್ ಬಾಗಿಲಲ್ಲಿ ನಡೆಯುವುದನ್ನು ಒಮ್ಮೆ ನಿಂತು ನೋಡಿ. ಪ್ರಯಾಣಿಕ ಬೋರ್ಡಿಂಗ್ ಪಾಸ್ ಮತ್ತು ಕಾರ್ಡ್ ಮುಂದೆ ಚಾಚುತ್ತಾನೆ. ಕೌಂಟರಿನ ಹುಡುಗಿ ಸ್ವೈಪ್ ಮಾಡುತ್ತಾಳೆ. ಕಾರ್ಡ್ ಅಸಲಿಯೇ ಎಂದು ನೋಡಲು ಯಂತ್ರ ಸಾಮಾನ್ಯವಾಗಿ ಎರಡು ರೂಪಾಯಿ ಮುರಿದುಕೊಳ್ಳುತ್ತದೆ. ಮೊಬೈಲಿಗೆ ಮೆಸೇಜ್ ಬರುತ್ತದೆ. ಆಮೇಲೆ ಪರದೆಯ ಮೇಲೆ ಅರ್ಹತೆ ಇಲ್ಲ ಎಂಬ ಸಾಲು. ಏಕೆ ಇಲ್ಲ ಎಂದು ಆ ಯಂತ್ರ ಹೇಳುವುದಿಲ್ಲ, ಹುಡುಗಿಗೂ ಗೊತ್ತಿರುವುದಿಲ್ಲ. ಹಿಂದೆ ಸಾಲು ಬೆಳೆಯುತ್ತದೆ, ಪಕ್ಕದಲ್ಲಿ ಹೆಂಡತಿ ಮಕ್ಕಳು ನಿಂತಿರುತ್ತಾರೆ, ಮನುಷ್ಯ ತಲೆ ತಗ್ಗಿಸಿ ಬ್ಯಾಗ್ ಎಳೆದುಕೊಂಡು ಹೊರಡುತ್ತಾನೆ. ವಿಮಾನ ಕಂಪನಿಗೆ ಫೋನ್ ಮಾಡಿದರೆ ಬ್ಯಾಂಕನ್ನು ಕೇಳಿ ಅನ್ನುತ್ತಾರೆ, ಬ್ಯಾಂಕಿನವರು ಕಾರ್ಡ್ ನೆಟ್‌ವರ್ಕಿನತ್ತ ಬೆರಳು ತೋರಿಸುತ್ತಾರೆ, ನೆಟ್‌ವರ್ಕಿನವರು ಲೌಂಜಿನವರನ್ನೇ ವಿಚಾರಿಸಿ ಅನ್ನುತ್ತಾರೆ. ಅಷ್ಟರಲ್ಲಿ ಬೋರ್ಡಿಂಗ್ ಶುರುವಾಗಿರುತ್ತದೆ.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

1. ಜವಾಬ್ದಾರಿ ಒಬ್ಬರದಾಗಲಿ, ಅದು ಕಾರ್ಡ್ ಕೊಟ್ಟ ಬ್ಯಾಂಕಿನದಾಗಲಿ. ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನಗಳ ಪ್ರಕಾರ, ಕೋ-ಬ್ರ್ಯಾಂಡೆಡ್ (ಬ್ಯಾಂಕಿನ ಜೊತೆ ಬೇರೆ ಕಂಪನಿಯ ಹೆಸರೂ ಇರುವ) ಕಾರ್ಡಿನಲ್ಲಿ ಪಾಲುದಾರ ಕಂಪನಿಯ ಪಾತ್ರ ಕಾರ್ಡಿನ ಪ್ರಚಾರ, ವಿತರಣೆ ಮತ್ತು ತನ್ನ ಸೇವೆ ಒದಗಿಸುವುದಕ್ಕೆ ಸೀಮಿತ. ಕಾರ್ಡ್ ನೀಡಿದ ಬ್ಯಾಂಕಿನ ಹೆಸರು ಕಾರ್ಡಿನ ಮೇಲೆ ಎದ್ದು ಕಾಣಬೇಕು ಎಂದೂ ಅವು ಹೇಳುತ್ತವೆ. ಹೆಸರು ಎದ್ದು ಕಂಡರೆ ಸಾಲದು, ಹೊಣೆಯೂ ಎದ್ದು ಕಾಣಬೇಕು. ಬ್ಯಾಂಕ್ ಮತ್ತು ಲೌಂಜಿನ ನಡುವೆ ಎಷ್ಟು ಮಧ್ಯವರ್ತಿಗಳಿದ್ದಾರೆ, ಅವರ ಒಪ್ಪಂದ ಯಾವಾಗ ಮುಗಿಯುತ್ತದೆ ಎಂಬುದು ಪ್ರಯಾಣಿಕನ ತಲೆನೋವಾಗಬಾರದು. 2025ರ ಸೆಪ್ಟೆಂಬರಿನಲ್ಲಿ ಡ್ರೀಮ್‌ಫೋಕ್ಸ್ ಸಂಸ್ಥೆ ದೇಶದೊಳಗಿನ ಲೌಂಜ್ ಸೇವೆಯನ್ನು ನಿಲ್ಲಿಸಿತು. ಕಾರ್ಡುಗಳನ್ನೂ ಲೌಂಜುಗಳನ್ನೂ ಜೋಡಿಸುತ್ತಿದ್ದ ದೊಡ್ಡ ಕೊಂಡಿ ಅದು. ಕೊಂಡಿ ಕಳಚಿದರೆ ಬೇರೆ ವ್ಯವಸ್ಥೆ ಬ್ಯಾಂಕೇ ಮಾಡಬೇಕು. ಮಾಡಲಾಗದಿದ್ದರೆ ಪ್ರಯಾಣಿಕ ಆ ಹೊತ್ತು ಲೌಂಜಿಗೋ ಹೋಟೆಲಿಗೋ ಕೊಟ್ಟ ಹಣವನ್ನು ಮುಂದಿನ ಬಿಲ್ಲಿನಲ್ಲಿ ವಾಪಸು ಜಮಾ ಮಾಡಬೇಕು.

2. ಶುಲ್ಕ ಕಟ್ಟಿದ ವರ್ಷ ಮುಗಿಯುವವರೆಗೆ ಸೌಲಭ್ಯಕ್ಕೆ ಕತ್ತರಿ ಹಾಕಬೇಡಿ. ಇದು ನಮ್ಮ ಮುಖ್ಯ ಬೇಡಿಕೆ. ಈಗಿರುವ ನಿಯಮದಂತೆ ಬ್ಯಾಂಕು ಶುಲ್ಕ ಹೆಚ್ಚಿಸಬೇಕಾದರೆ ಕನಿಷ್ಠ ಒಂದು ತಿಂಗಳು ಮೊದಲು ತಿಳಿಸಬೇಕು. ಹೆಚ್ಚಳ ಒಪ್ಪದವರು ಬಾಕಿ ತೀರಿಸಿ, ಬೇರೆ ಶುಲ್ಕವಿಲ್ಲದೆ ಕಾರ್ಡ್ ಹಿಂದಿರುಗಿಸಬಹುದು. ಆದರೆ ಶುಲ್ಕವನ್ನು ಹಾಗೇ ಇಟ್ಟು ಸೌಲಭ್ಯವನ್ನು ಅರ್ಧ ಮಾಡಿದರೆ? ಗ್ರಾಹಕನ ಪಾಲಿಗೆ ಎರಡೂ ಒಂದೇ ನಷ್ಟ. ಜನವರಿಯಲ್ಲಿ ವರ್ಷಕ್ಕೆ ಎಂಟು ಸಲ ಪ್ರವೇಶ ಎಂದು ಶುಲ್ಕ ತೆಗೆದುಕೊಂಡು, ಜೂನ್‌ನಲ್ಲಿ ಇನ್ನು ನಾಲ್ಕೇ ಸಲ ಎಂದು ಇಮೇಲ್ ಕಳಿಸುವುದು, ಮುಂಗಡ ಪಡೆದು ಛತ್ರ ಕೊಟ್ಟವರು ಮದುವೆಯ ಹಿಂದಿನ ದಿನ ಅಡುಗೆಮನೆಗೆ ಬೀಗ ಹಾಕಿದಂತೆ. ಸೌಲಭ್ಯದ ಕಡಿತವನ್ನೂ ಶುಲ್ಕದ ಹೆಚ್ಚಳವೆಂದೇ ಪರಿಗಣಿಸಿ ರಿಸರ್ವ್ ಬ್ಯಾಂಕ್ ನಿರ್ದೇಶನ ತಿದ್ದಬೇಕು. ಬದಲಾವಣೆ ಒಪ್ಪದೆ ಕಾರ್ಡ್ ಮರಳಿಸುವವರಿಗೆ ಉಳಿದ ತಿಂಗಳುಗಳ ಶುಲ್ಕವನ್ನು ಜಿಎಸ್‌ಟಿ ಸಮೇತ ಹಿಂದಿರುಗಿಸಬೇಕು.

3. ವಿಮಾನ ಕಂಪನಿ ಮುಚ್ಚಿದರೆ, ವಿಲೀನವಾದರೆ, ಕಾರ್ಡುದಾರ ನಡುನೀರಿನಲ್ಲಿ ಉಳಿಯಬಾರದು. ನಮ್ಮ ದೇಶದಲ್ಲಿ ಇದು ಅಪರೂಪದ ಸಂಗತಿಯೇನಲ್ಲ. ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನೆಲಕ್ಕಿಳಿಯಿತು. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಒಂದಕ್ಕಿಂತ ಹೆಚ್ಚು ಬ್ಯಾಂಕುಗಳು ವಿಸ್ತಾರ ಹೆಸರಿನ ಕಾರ್ಡ್ ಮಾರಿದ್ದವು. ಕಾರ್ಡಿನ ಮೇಲಿನ ವಿಮಾನದ ಚಿತ್ರ ಅಳಿಸಿಹೋದರೂ ಅದರ ಜೊತೆ ಮಾರಿದ ಲೌಂಜ್ ಪ್ರವೇಶ, ಟಿಕೆಟ್ ವೋಚರು, ಮೈಲ್ಸ್ ಆ ವರ್ಷದ ಕೊನೆಯವರೆಗೆ ಉಳಿಯಬೇಕು. ಉಳಿಸಲಾಗದಿದ್ದರೆ ಅಷ್ಟೇ ಬೆಲೆಯ ನಗದು ಕೊಡಿ. ಪಾಯಿಂಟ್ಸ್ ಬದಲಿಗೆ ಇನ್ನಷ್ಟು ಪಾಯಿಂಟ್ಸ್ ಕೊಡಬೇಡಿ.

4. ‘ಫ್ರೀ’ ಎಂದು ಮಾರುವುದನ್ನು ನಿಲ್ಲಿಸಿ. ನಿಲ್ದಾಣದ ಸ್ಟಾಲಿನಲ್ಲಿ ಟೈ ಕಟ್ಟಿಕೊಂಡ ಯುವಕರು ‘ಸರ್, ಲೌಂಜ್ ಫ್ರೀ’ ಎಂದು ಅಡ್ಡಗಟ್ಟುತ್ತಾರೆ. ತಿಂಗಳ ಗುರಿ ಮುಟ್ಟದಿದ್ದರೆ ಅವರ ಕೆಲಸಕ್ಕೇ ಕುತ್ತು, ಅವರನ್ನು ದೂರಿ ಫಲವಿಲ್ಲ. ಹಾಗೆ ಹೇಳಿಕೊಟ್ಟವರನ್ನು ಕೇಳಬೇಕು. ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ತಂದ ದಾರಿತಪ್ಪಿಸುವ ಜಾಹೀರಾತು ತಡೆ ಮಾರ್ಗಸೂಚಿಯಲ್ಲಿ, ಗ್ರಾಹಕ ದುಡ್ಡು ಕೊಡಬೇಕಾದ ವಸ್ತುವನ್ನು ಉಚಿತ ಎನ್ನುವಂತಿಲ್ಲ ಎಂದಿದೆ. ಷರತ್ತನ್ನು ಜಾಹೀರಾತಿನದೇ ಭಾಷೆಯಲ್ಲಿ, ಅದೇ ಅಕ್ಷರದಲ್ಲಿ ಹಾಕಬೇಕು ಎಂದೂ ಇದೆ. ಲೌಂಜ್ ಕಾರ್ಡುಗಳ ಜಾಹೀರಾತಿಗೆ ಈ ಮಾರ್ಗಸೂಚಿ ಹಿಡಿದು ನೋಡಿ ಕ್ರಮ ಕೈಗೊಳ್ಳಿ.

5. ಅರ್ಜಿಯ ಜೊತೆ ಬ್ಯಾಂಕು ಒಂದು ಪುಟದ ಮುಖ್ಯಾಂಶ ಪತ್ರ ಕೊಡಬೇಕೆಂಬ ನಿಯಮ ಆಗಲೇ ಇದೆ. ಬಡ್ಡಿ, ಶುಲ್ಕ ಅದರಲ್ಲಿರುತ್ತವೆ. ಲೌಂಜ್ ವಿಷಯವನ್ನೂ ಅಲ್ಲೇ ಬರೆಯಿರಿ: ಮೂರು ತಿಂಗಳಿಗೆ ಎಷ್ಟು ಸಲ, ದೇಶದೊಳಗೋ ಹೊರಗೋ, ಜೊತೆಗೆ ಬಂದವರಿಗೆ ಎಷ್ಟು, ಎಷ್ಟು ವಯಸ್ಸಿನ ಮಗುವಿನವರೆಗೆ ಶುಲ್ಕವಿಲ್ಲ, ಯಾವ ನಿಲ್ದಾಣದ ಯಾವ ಟರ್ಮಿನಲ್.

ಟರ್ಮಿನಲ್ ಎಂದು ಒತ್ತಿ ಹೇಳಲು ಕಾರಣವಿದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಈಗ ಎರಡು ಟರ್ಮಿನಲ್‌ಗಳಿವೆ, ಎರಡನೆಯದರಲ್ಲಿ ದೇಶೀಯ ಹಾರಾಟ ಶುರುವಾದದ್ದು 2023ರ ಜನವರಿ 15ರಂದು. ಒಂದರಲ್ಲಿ ಸೆಕ್ಯುರಿಟಿ ಚೆಕ್ ಮುಗಿಸಿದವರು ಇನ್ನೊಂದರ ಲೌಂಜಿಗೆ ಹೋಗುವಂತಿಲ್ಲ. ಕಾರ್ಡಿನ ಪಟ್ಟಿಯಲ್ಲಿ ಬರೀ ‘ಬೆಂಗಳೂರು’ ಎಂದಿದ್ದರೆ ಯಾರಿಗೆ ಉಪಯೋಗ?

6. ಖರ್ಚಿನ ಷರತ್ತನ್ನು ಹದ್ದುಬಸ್ತಿಗೆ ತನ್ನಿ. ಮೊದಲು ಕಾರ್ಡ್ ಇದ್ದರೆ ಸಾಕಿತ್ತು. ಈಗ ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿರಬೇಕು ಎನ್ನುವ ಷರತ್ತು ಕಾರ್ಡಿನಿಂದ ಕಾರ್ಡಿಗೆ ಹಬ್ಬಿದೆ. ಒಂದು ದೊಡ್ಡ ಖಾಸಗಿ ಬ್ಯಾಂಕು 2024ರ ಏಪ್ರಿಲ್‌ನಲ್ಲಿ ತನ್ನ ಹಲವು ಕಾರ್ಡುಗಳಿಗೆ 35,000 ರೂ. ಎಂದು ನಿಗದಿ ಮಾಡಿ, ಅದೇ ವರ್ಷದ ನವೆಂಬರ್‌ನಲ್ಲಿ 75,000 ರೂ.ಗೆ ಏರಿಸಿತು. ಎಂಟು ತಿಂಗಳೂ ತುಂಬಿರಲಿಲ್ಲ. ಲೌಂಜುಗಳಲ್ಲಿ ಕಾಲಿಡಲು ಜಾಗವಿಲ್ಲ, ಪ್ರತಿ ಪ್ರವೇಶಕ್ಕೂ ಬ್ಯಾಂಕು ಹಣ ಕೊಡಬೇಕು ಎಂಬ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಕ್ರೆಡಿಟ್ ಕಾರ್ಡಿನ ಖರ್ಚೆಂದರೆ ಸಾಲ. ಬಿಲ್ ಪೂರ್ತಿ ಕಟ್ಟದೆ ಉಳಿಸಿಕೊಂಡರೆ ವರ್ಷಕ್ಕೆ ಶೇ 40 ದಾಟುವ ಬಡ್ಡಿ ಬೀಳುವ ಕಾರ್ಡುಗಳು ಬೇಕಾದಷ್ಟಿವೆ. ಎರಡು ಇಡ್ಲಿ, ಒಂದು ಲೋಟ ಕಾಫಿಯ ಆಸೆ ತೋರಿಸಿ ಮನೆಮಂದಿಯನ್ನು ಖರ್ಚಿಗೆ ನೂಕುವುದು ತಪ್ಪು. ಆದ್ದರಿಂದ,

(ಅ) ‘ಇನ್ನು ಇಷ್ಟು ಖರ್ಚು ಮಾಡಿದರೆ ಲೌಂಜ್ ನಿಮ್ಮದು’ ಎಂಬ ಮೆಸೇಜುಗಳನ್ನು ನಿಲ್ಲಿಸಿ.

(ಆ) ಬಾಡಿಗೆ, ವಿಮೆ, ಪೆಟ್ರೋಲು, ವಾಲೆಟ್‌ಗೆ ಹಾಕಿದ ಹಣದಲ್ಲಿ ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ತಿಂಗಳ ಬಿಲ್ಲಿನಲ್ಲೇ ತೋರಿಸಿ.

(ಇ) ಹೊಸದಾಗಿ ಕಾರ್ಡ್ ಪಡೆದವರಿಗೆ ಹಿಂದಿನ ತ್ರೈಮಾಸಿಕವೇ ಇರುವುದಿಲ್ಲ. ಅವರಿಗೆ ಮೊದಲ ದಿನದಿಂದಲೇ ಪ್ರವೇಶ ಕೊಡಿ.

7. ಮನೆ ಬಿಡುವ ಮೊದಲೇ ಗೊತ್ತಾಗಲಿ. ಬ್ಯಾಂಕಿನ ಆ್ಯಪ್‌ನಲ್ಲಿ ಒಂದೇ ಪುಟ: ಇನ್ನು ಎಷ್ಟು ಪ್ರವೇಶ ಉಳಿದಿದೆ, ಇಂದು ಅರ್ಹತೆ ಇದೆಯೇ, ಇಲ್ಲದಿದ್ದರೆ ಕಾರಣ ಏನು. ಹೆಬ್ಬಾಳದ ಟ್ರಾಫಿಕ್ಕಿಗೆ ಹೆದರಿ ಬೆಂಗಳೂರಿಗರು ವಿಮಾನಕ್ಕೆ ಗಂಟೆಗಟ್ಟಲೆ ಮೊದಲೇ ಬಂದು ಕೂರುತ್ತಾರೆ. ಬಂದ ಮೇಲೆ ‘ಜಾಗ ಭರ್ತಿ’ ಅನ್ನಿಸಿಕೊಂಡರೆ ಆ ಪ್ರವೇಶ ಮುಂದಿನ ತ್ರೈಮಾಸಿಕಕ್ಕೆ ಜಮೆಯಾಗಬೇಕು.

8. ಸೌಲಭ್ಯ ಮನೆಯವರಿಗೂ ಸಲ್ಲಲಿ. ಕಾರ್ಡ್ ಮಗನ ಹೆಸರಿನಲ್ಲಿ, ಮಗ ಡಲ್ಲಾಸ್‌ನಲ್ಲೋ ದುಬೈನಲ್ಲೋ ಇರುತ್ತಾನೆ. ಪ್ರಯಾಣ ಮಾಡುವವರು ಅಪ್ಪ ಅಮ್ಮ. ಬೆಂಗಳೂರಿನಿಂದ ಹೊರಡುವ ಎಷ್ಟೋ ಅಂತರರಾಷ್ಟ್ರೀಯ ವಿಮಾನಗಳ ಹೊತ್ತು ನಡುರಾತ್ರಿ. ಸಕ್ಕರೆ ಕಾಯಿಲೆಯ ಅಮ್ಮ ರಾತ್ರಿ ಒಂಬತ್ತಕ್ಕೆ ಬುತ್ತಿ ಬಿಚ್ಚಿ ಚಪಾತಿ ತಿಂದು, ಮಾತ್ರೆ ನುಂಗಿ, ಲೋಹದ ಕುರ್ಚಿಯಲ್ಲಿ ಕಾಲು ಚಾಚಲಾಗದೆ ಕೂತಿರುತ್ತಾಳೆ. ವಿಶ್ರಾಂತಿಯ ಕೋಣೆ ಯಾರಿಗಾದರೂ ನಿಜವಾಗಿ ಬೇಕಿದ್ದರೆ ಅದು ಆಕೆಗೆ. ಮಗ ಆ್ಯಪ್‌ನಲ್ಲಿ ತನ್ನ ಪಾಲಿನ ಪ್ರವೇಶವನ್ನು ತಂದೆ ತಾಯಿಯ ಹೆಸರಿಗೆ ಬರೆದುಕೊಡುವಂತಿರಬೇಕು. ಟಿಕೆಟ್ಟಿನ ಹೆಸರು, ಗುರುತಿನ ಚೀಟಿ ಎರಡೂ ಇರುವಾಗ ದುರುಪಯೋಗದ ಭಯವೂ ಬೇಡ.

9. ಲೌಂಜ್ ಇಲ್ಲದ ನಿಲ್ದಾಣದವರನ್ನು ಮರೆಯಬೇಡಿ. ಕಲಬುರಗಿಗೆ 2019ರ ನವೆಂಬರ್‌ನಲ್ಲಿ, ಶಿವಮೊಗ್ಗಕ್ಕೆ 2023ರ ಆಗಸ್ಟ್‌ನಲ್ಲಿ ವಿಮಾನ ಸೇವೆ ಶುರುವಾಯಿತು. ಸಣ್ಣ ಊರುಗಳ ಕಾರ್ಡುದಾರರೂ ಬೆಂಗಳೂರಿನವರಷ್ಟೇ ಶುಲ್ಕ ಕಟ್ಟುತ್ತಾರೆ. ಲೌಂಜ್ ಇಲ್ಲದ ಕಡೆ ಅದೇ ಬೆಲೆಯ ಊಟದ ಕೂಪನ್ ಕೊಡಿ.

10. ಕನ್ನಡದಲ್ಲಿ ಕೊಡಿ. ಕಾರ್ಡಿನ ಷರತ್ತುಗಳು ಇಂಗ್ಲಿಷ್, ಹಿಂದಿಯ ಜೊತೆ ಸ್ಥಳೀಯ ಭಾಷೆಯಲ್ಲೂ ಇದ್ದರೆ ಒಳ್ಳೆಯದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಸಲಹೆ ಸಾಕು, ಇನ್ನು ಕಡ್ಡಾಯ ಮಾಡಿ. ಸ್ಟಾಲಿನಲ್ಲಿ ಕನ್ನಡದಲ್ಲಿ ಮಾತಾಡಿ ಕಾರ್ಡ್ ಮಾರುತ್ತೀರಿ, ಸಹಿ ಹಾಕಿಸಿಕೊಳ್ಳುವ ಕಾಗದವೂ ಕನ್ನಡದಲ್ಲಿರಲಿ. ಕಸ್ಟಮರ್ ಕೇರ್‌ಗೂ ಇದೇ ಮಾತು ಅನ್ವಯ.

11. ಕಾರ್ಡ್ ಇಲ್ಲದವರ ಪರವಾಗಿಯೂ ಕೇಳುತ್ತಿದ್ದೇವೆ. ಲೌಂಜಿಗೆ ಇಷ್ಟು ನೂಕುನುಗ್ಗಲು ಏಕೆಂದರೆ ಹೊರಗಿನ ಊಟ ತಿಂಡಿಯ ಬೆಲೆ ಕೈ ಸುಡುತ್ತದೆ. ಕೋಲ್ಕತ್ತ ನಿಲ್ದಾಣದಲ್ಲಿ 2024ರ ಡಿಸೆಂಬರ್‌ನಲ್ಲಿ ‘ಉಡಾನ್ ಯಾತ್ರಿ ಕೆಫೆ’ ತೆರೆದಾಗ ಚಹಾ 10 ರೂ., ನೀರಿನ ಬಾಟಲಿ 10 ರೂ., ಸಮೋಸ 20 ರೂ. ಎಂದು ಬೆಲೆ ಇಡಲಾಯಿತು. ಅಲ್ಲಿ ಆಗುವುದು ಇಲ್ಲಿಯೂ ಆಗುತ್ತದೆ. ಕರ್ನಾಟಕದ ಪ್ರತಿ ನಿಲ್ದಾಣದಲ್ಲೂ, ಖಾಸಗಿಯವರು ನಡೆಸುವ ಬೆಂಗಳೂರು ಮಂಗಳೂರು ಸೇರಿ, ಸೆಕ್ಯುರಿಟಿ ಚೆಕ್ ದಾಟಿದ ಜಾಗದಲ್ಲೇ ಇಂಥದ್ದೊಂದು ಕ್ಯಾಂಟೀನ್ ಬೇಕು. ಗೇಟುಗಳ ಬಳಿ ಮುದುಕರು ಒರಗಿ ಕೂರುವಂಥ ಕುರ್ಚಿಗಳೂ ಬೇಕು. ಇದು ನೆರವೇರಿದರೆ ಲೌಂಜಿನ ಸಾಲು ತಾನಾಗಿಯೇ ಕರಗುತ್ತದೆ. ಆಗ ನಮ್ಮ ಬೇಡಿಕೆಗಳಲ್ಲಿ ಒಂದೆರಡು ಅನಗತ್ಯವಾದರೂ ನಮಗೆ ಸಂತೋಷವೇ.

12. ಕೌಂಟರಿನ ಸಿಬ್ಬಂದಿಗೆ ಕಾರಣ ತೋರಿಸುವ ಪರದೆ ಕೊಡಿ, ಬ್ಯಾಂಕಿಗೆ ನೇರ ಫೋನ್ ಕೊಡಿ. ಬೇರೆಯವರು ಮಾಡಿದ ನಿಯಮಕ್ಕೆ ಪ್ರತಿದಿನ ಬೈಗುಳ ತಿನ್ನುತ್ತಿರುವವರು ಅವರು. ಕಾರ್ಡುದಾರರಾದ ನಾವೂ ಅವರ ಮೇಲೆ ದನಿ ಏರಿಸುವುದಿಲ್ಲ ಎಂದು ಈ ಪತ್ರದ ಮೂಲಕ ಒಪ್ಪಿಕೊಳ್ಳುತ್ತೇವೆ.

13. ದೂರಿಗೆ ಬೆಲೆ ಇರಲಿ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ಸಮಗ್ರ ಓಂಬುಡ್ಸ್‌ಮನ್ ಯೋಜನೆಯಡಿ ರಿಸರ್ವ್ ಬ್ಯಾಂಕಿಗೆ ದೂರು ಕೊಡುವ ದಾರಿ ಇದೆ. ಊಟವೊಂದರ ಬೆಲೆಗಾಗಿ ಅಷ್ಟು ದೂರ ಹೋಗುವ ತಾಳ್ಮೆ ಯಾರಿಗಿದೆ? ಅದು ಬ್ಯಾಂಕುಗಳಿಗೂ ಗೊತ್ತು. ಕಾರ್ಡ್ ಮುಚ್ಚುವ ಅರ್ಜಿಯನ್ನು ಏಳು ಕೆಲಸದ ದಿನಗಳಲ್ಲಿ ಇತ್ಯರ್ಥ ಮಾಡದಿದ್ದರೆ, ಬಾಕಿ ಇಲ್ಲದ ಗ್ರಾಹಕನಿಗೆ ದಿನಕ್ಕೆ 500 ರೂ. ದಂಡ ಕೊಡಬೇಕೆಂಬ ನಿಯಮ ಇರುವಂತೆ, ಅರ್ಹತೆ ಇದ್ದೂ ಬಾಗಿಲಲ್ಲಿ ತಡೆದದ್ದಕ್ಕೆ ಒಂದು ನಿಗದಿತ ಪರಿಹಾರ ಗೊತ್ತುಮಾಡಿ. ಅರ್ಜಿ ಹಾಕಿಸದೆ, ಏಳು ದಿನದೊಳಗೆ ಅದು ತಾನಾಗಿ ಖಾತೆಗೆ ಬರಲಿ. ಮೂರು ತಿಂಗಳಿಗೊಮ್ಮೆ, ಎಷ್ಟು ಜನ ಸ್ವೈಪ್ ಮಾಡಿದರು, ಎಷ್ಟು ಜನರನ್ನು ತಿರಸ್ಕರಿಸಲಾಯಿತು ಎಂಬ ಲೆಕ್ಕವನ್ನು ಪ್ರತಿ ಬ್ಯಾಂಕೂ ಪ್ರಕಟಿಸಲಿ.

ಈ ಪತ್ರ ತಲುಪಿದ 60 ದಿನದೊಳಗೆ ಪ್ರತಿ ಬೇಡಿಕೆಗೂ ಅದರ ಸಂಖ್ಯೆ ಹಾಕಿ ಲಿಖಿತ ಉತ್ತರ ಕೊಡಬೇಕು. ಬ್ಯಾಂಕು, ವಿಮಾನ ಕಂಪನಿ, ಲೌಂಜ್ ಸಂಸ್ಥೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ ಬೆಂಗಳೂರಿನಲ್ಲಿ ಬಹಿರಂಗ ಅಹವಾಲು ಸಭೆ ಕರೆಯಬೇಕು. ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮುಂದೆ ಸಾಮೂಹಿಕ ದೂರು ದಾಖಲಿಸುತ್ತೇವೆ, ಮತ್ತು ಶುಲ್ಕದ ಬಿಲ್ ಬರುವ ಮುನ್ನ ಕಾರ್ಡುಗಳನ್ನು ಒಟ್ಟಾಗಿ ಹಿಂದಿರುಗಿಸುತ್ತೇವೆ.