ಯಾದವಗಿರಿಯ ಮನೆ ಯಾರ ಸೊತ್ತು?

ನಮ್ಮ ಹುಣಸೂರು ಸೀಮೆಯ ವಿದ್ಯಾವಂತರ ನಡುವೆ ಮೈಸೂರು ಯಾದವಗಿರಿಯ ಆರ್. ಕೆ. ನಾರಾಯಣರ ಮನೆಯ ಪ್ರಸ್ತಾಪ ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುವುದುಂಟು. ಕನ್ನಡದಲ್ಲಿ ಒಂದು ಗ್ರಂಥವನ್ನೂ ಬರೆಯದವರ ಮನೆಗೆ ಕನ್ನಡಿಗರ ಹಣವೇಕೆ? ಪ್ರಶ್ನೆ ಹೊಸದಲ್ಲ. 2011ರಲ್ಲಿ ಆ ಮನೆಯನ್ನು ಕೆಡವುವ ಕೆಲಸ ಆರಂಭವಾಗಿ, ಪತ್ರಿಕೆಗಳಲ್ಲಿ ಸುದ್ದಿಯಾಗಿ, ಕೆಲಸ ನಿಂತು, ಅದನ್ನು ಸ್ಮಾರಕವಾಗಿಸುವ ಯೋಚನೆ ಹೊರಟಾಗ, ಕನ್ನಡದ ಕೆಲವು ಹಿರಿಯ ಸಾಹಿತಿಗಳೇ ಆಕ್ಷೇಪವನ್ನೆತ್ತಿದರು. ಆದರೂ ಮೈಸೂರು ನಗರಪಾಲಿಕೆ ಮನೆಯನ್ನು ಕೊಂಡು, ದುರಸ್ತಿ ಮಾಡಿಸಿ, 2016ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ವಾದ ಮಾತ್ರ ಮುಗಿಯಲಿಲ್ಲ.

ಆಕ್ಷೇಪಿಸುವವರ ಮಾತನ್ನು ನ್ಯಾಯವಾಗಿ ಹೇಳಿ ಮುಂದುವರಿಯೋಣ. ನಾರಾಯಣರ ಮನೆಮಾತು ತಮಿಳು, ಬರೆದದ್ದು ಇಂಗ್ಲೀಷು, ಅವರ ಹಸ್ತಪ್ರತಿಗಳು ಸೇರಿದ್ದು ಅಮೆರಿಕದ ಬಾಸ್ಟನ್ ವಿಶ್ವವಿದ್ಯಾನಿಲಯವನ್ನು. ಈ ಮೂರೂ ಸತ್ಯ. ಆದರೆ ಇವುಗಳಿಂದ ಅವರು ತೆಗೆಯುವ ಸಿದ್ಧಾಂತ ಮಾತ್ರ ಸಾಧುವಲ್ಲ.

ಮನೆಮಾತಿನ ಆಕ್ಷೇಪವಂತೂ ನಿಲ್ಲುವಂತಹುದೇ ಅಲ್ಲ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಅವರು ಬರೆದದ್ದು ಕನ್ನಡವಲ್ಲವೇ ಎಂದು ಕೇಳುವಿರಾದರೆ, ಪಾಠಶಾಲೆಯಲ್ಲಿ ಸಂಸ್ಕೃತವನ್ನೋದಿ ಬೆಳೆದ ನಾನು ಒಂದು ಪ್ರತಿಪ್ರಶ್ನೆ ಹಾಕುತ್ತೇನೆ. ಬಿಲ್ಹಣನು ಕಾಶ್ಮೀರದವನು, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದು ವಿಕ್ರಮಾಂಕದೇವಚರಿತವನ್ನು ಸಂಸ್ಕೃತದಲ್ಲಿ ರಚಿಸಿದನು. ಅವನು ನಮ್ಮವನಲ್ಲವೆಂದು ಯಾವ ಕನ್ನಡಿಗನು ಹೇಳಿಯಾನು? ಹೊರಗಿನಿಂದ ಬಂದು ಹೊರಗಿನ ನುಡಿಯಲ್ಲಿ ಹಾಡಿದವನನ್ನು ಒಂಬೈನೂರು ವರ್ಷಗಳ ಮೇಲೆಯೂ ನಮ್ಮ ಚರಿತ್ರೆಯ ಪುಟಗಳಲ್ಲಿ ಹೆಮ್ಮೆಯಿಂದ ಇಟ್ಟುಕೊಂಡಿರುವ ನಾವು, ಮಹಾರಾಜಾ ಕಾಲೇಜಿನಲ್ಲಿ ಓದಿ, ಮೈಸೂರಿನ ಬೀದಿಗಳಲ್ಲಿ ದಶಕಗಳ ಕಾಲ ನಡೆದಾಡಿ, 1939ರಲ್ಲಿ ಮೈಸೂರು ಸಂಸ್ಥಾನವನ್ನು ಕುರಿತೂ 1977ರಲ್ಲಿ ಕರ್ನಾಟಕವನ್ನು ಕುರಿತೂ ಪುಸ್ತಕ ಬರೆದವರನ್ನು ಪರಕೀಯರೆನ್ನುವುದು ಯಾವ ನ್ಯಾಯ?

ಹಾಗೆಂದು ಆಕ್ಷೇಪದಲ್ಲಿ ತಿರುಳೇ ಇಲ್ಲವೆಂದು ನಾನು ಹೇಳುವವನಲ್ಲ. ಸಾರ್ವಜನಿಕರ ಹಣ ವೆಚ್ಚವಾದ ಮೇಲೆ ಸಾರ್ವಜನಿಕರಿಗೆ ಬಂದ ಫಲವೇನು ಎಂದು ಕೇಳುವುದು ಧರ್ಮವೇ. ಅಲ್ಲಿ ಕೋಟು ಉಂಟು, ಕನ್ನಡಕ ಉಂಟು, ಪ್ರಶಸ್ತಿಗಳುಂಟು. ಮಹಡಿಯ ಮೇಲೆ, ಅವರು ಕುಳಿತು ಬರೆಯುತ್ತಿದ್ದ, ಸುತ್ತಲೂ ಕಿಟಕಿಗಳುಳ್ಳ ಕೊಠಡಿಯುಂಟು. ಇವೆಲ್ಲ ನೋಡತಕ್ಕವೇ. ಆದರೆ ಕವಿಯ ಅಂಗಿಯನ್ನು ನೋಡಿದ ಮಾತ್ರಕ್ಕೆ ಕಾವ್ಯವು ಒಲಿಯುವುದಿಲ್ಲ. ಓದದವನಿಗೆ ಅದು ಗೂಟಕ್ಕೆ ಹಾಕಿದ ಅಂಗಿ, ಅಷ್ಟೆ. ಲೇಖಕನ ಮನೆಯನ್ನು ಉಳಿಸುವುದೆಂದರೆ ಗೋಡೆಯನ್ನು ಉಳಿಸುವುದು ಒಂದು ಪಾಲು. ಆ ಗೋಡೆಗಳ ನಡುವೆ ಓದು ನಡೆಯುವಂತೆ ಮಾಡುವುದು ಉಳಿದ ಮೂರು ಪಾಲು. ಹಸ್ತಪ್ರತಿಗಳು ಸಮುದ್ರದಾಚೆ ಇದ್ದರೆ ಇರಲಿ. ಅಚ್ಚಾದ ಪುಸ್ತಕಗಳಿವೆ, ಕನ್ನಡದ ಅನುವಾದಗಳಿವೆ. ಅವುಗಳನ್ನು ಹಿಡಿದು ಕೂರಲು ಅಂತಹ ಕೊಠಡಿಗಿಂತ ಪ್ರಶಸ್ತವಾದ ಸ್ಥಳ ಯಾವುದು?

ಇಲ್ಲಿ ದೋಷವನ್ನು ಪಾಲಿಕೆಯ ತಲೆಗೆ ಕಟ್ಟಿ ನಾವು ಪಾರಾಗುವಂತಿಲ್ಲ. ಉಪಾಧ್ಯಾಯನಾಗಿದ್ದಾಗ ನಾನು ಎಷ್ಟೋ ಸಲ ಮಕ್ಕಳನ್ನು ಮೈಸೂರಿಗೆ ಕರೆದೊಯ್ದಿದ್ದೇನೆ. ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ, ಸಂಜೆಗೆ ಹಿಂದಿರುಗುವ ಬಸ್ಸು. ಬರೆಯುವವನೊಬ್ಬನು ಈ ಊರಿನಲ್ಲಿದ್ದನೆಂದು ಒಂದು ಸಲವಾದರೂ ಹೇಳಿದೆನೇ? ಇಲ್ಲ. ನಾರಾಯಣರ ತಂದೆಯವರೂ ಶಾಲೆಯ ಮುಖ್ಯೋಪಾಧ್ಯಾಯರು. 1935ರಲ್ಲಿ ಪ್ರಕಟವಾದ ಅವರ ಮೊದಲ ಕಾದಂಬರಿಯೇ ಶಾಲೆಯ ಹುಡುಗನ ಕಥೆ. 1989ರಲ್ಲಿ ರಾಜ್ಯಸಭೆಯಲ್ಲಿ ಅವರು ಎದ್ದು ಮಾತನಾಡಿದ್ದು ಮಕ್ಕಳ ಬೆನ್ನು ಬಗ್ಗಿಸುವ ಪುಸ್ತಕದ ಚೀಲದ ವಿಷಯವಾಗಿ. ಇಂತಹವರ ಮನೆಗೆ ಹೋಗುವ ಹಕ್ಕು ನಮ್ಮ ಮಕ್ಕಳಿಗಿಂತ ಮಿಗಿಲಾಗಿ ಇನ್ನಾರಿಗಿದೆ?

ಕನ್ನಡದ ಹೆಸರಿನಲ್ಲಿ ಆಕ್ಷೇಪಿಸುವ ಮಿತ್ರರಿಗೆ ಇನ್ನೊಂದು ಮಾತು. ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 16ನೆಯ ಶತಮಾನದ ಮೂರನೆಯ ಮಂಗರಸನಿದ್ದನು. ಸಮ್ಯಕ್ತ್ವಕೌಮುದಿ, ಜಯನೃಪಕಾವ್ಯ, ಅಡುಗೆಯನ್ನು ಕುರಿತ ಸೂಪಶಾಸ್ತ್ರ, ಇವೆಲ್ಲ ಅವನ ಕೃತಿಗಳು, ಎಲ್ಲವೂ ಅಚ್ಚ ಕನ್ನಡದವು. ಯಾದವಗಿರಿಗೆ ಹಣವೇಕೆಂದು ಕೇಳುವ ನಮ್ಮ ಎಷ್ಟು ಮನೆಗಳಲ್ಲಿ ಮಂಗರಸನ ಒಂದು ಪ್ರತಿಯಿದೆ? ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಎಷ್ಟು ಜನ ವಿದ್ಯಾರ್ಥಿಗಳು ಅವನ ಹೆಸರನ್ನು ಕೇಳಿದ್ದಾರೆ? ಅವನ ಪುಸ್ತಕವನ್ನು ತೆರೆಯಬೇಡಿರೆಂದು ನಮಗೆ ಯಾರೂ ಅಡ್ಡಿ ಮಾಡಿಲ್ಲ. ಅದಕ್ಕೆ ಕೋಟಿ ರೂಪಾಯಿಯೂ ಬೇಡ. ಮನೆಯ ಕವಿಯನ್ನು ಮರೆತವರಿಗೆ, ನೆರೆಯ ಕವಿಯ ಮನೆಯನ್ನು ಉಳಿಸಿದವರ ಮೇಲೆ ಕೋಪಿಸುವ ಅಧಿಕಾರವಿಲ್ಲ.

ಆದಕಾರಣ ವಾಚಕ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಈ ನಾಲ್ಕು ತಾಲ್ಲೂಕುಗಳ ಶಾಲೆಗಳು ಮೈಸೂರಿಗೆ ಪ್ರವಾಸ ಹೊರಡುವಾಗ ಯಾದವಗಿರಿಗೆ ಒಂದು ಗಂಟೆ ಮೀಸಲಿಡಲಿ. ಹೋಗುವ ಮೊದಲು ತರಗತಿಯಲ್ಲಿ ನಾರಾಯಣರ ಒಂದು ಕಥೆಯನ್ನು ಕನ್ನಡದಲ್ಲಿ ಓದಿಸಲಿ. ಪಾಲಿಕೆಯು ಆ ಮನೆಯಲ್ಲಿ ಕನ್ನಡ, ಇಂಗ್ಲೀಷು ಎರಡಕ್ಕೂ ವಾಚನದ ದಿನಗಳನ್ನು ಗೊತ್ತುಮಾಡಲಿ. ಮಂಗರಸನೂ ಅಲ್ಲಿ ಒಂದು ದಿನ ಅತಿಥಿಯಾಗಿ ಬರಲಿ. ಆಗ ಆ ಮನೆ ಯಾರ ಸೊತ್ತೆಂದು ಕೇಳುವ ಕಾರಣವೇ ಉಳಿಯದು. ಓದಿದವರ ಸೊತ್ತು ಅದು. ಓದದೆ ವಾದಿಸುವವರಿಗೆ ಯಾದವಗಿರಿಯೂ ಇಲ್ಲ, ಕಲ್ಲಹಳ್ಳಿಯೂ ಇಲ್ಲ.