ಊಟದ ಮೇಜಿನಲ್ಲಿ ನಿಮ್ಮ ಕುರ್ಚಿ ಯಾವುದು?



ಹಬ್ಬ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. “ನಮ್ಮದು ಹಳೇ ಕಾಲದ ಮನೆ. ಹಜಾರದಲ್ಲಿ ಜಾಗವಿದ್ದೂ ಇಕ್ಕಟ್ಟು, ಊಟದ ಕೋಣೆ ಹಗಲಲ್ಲೂ ಕತ್ತಲು. ಗೋಡೆ ಒಡೆಸಿ ಒಂದೇ ಮಾಡಿಬಿಡೋಣವೇ?” ಕೆಲವರಂತೂ ಮೊಬೈಲಿನಲ್ಲಿ ನೋಡಿದ ಚಿತ್ರದ ವರ್ಣನೆಯನ್ನೂ ಬರೆದಿರುತ್ತಾರೆ. ಬಿಳಿ ಗೋಡೆ, ಬಿಳಿ ಸೋಫಾ, ಅಲ್ಲೇ ಅಡುಗೆ, ಅಲ್ಲೇ ಊಟ!

ಉತ್ತರವಾಗಿ ಈ ಸಲ ನನ್ನ ತವರುಮನೆಯ ಕಥೆಯನ್ನೇ ಹೇಳುತ್ತೇನೆ. ಇದರಲ್ಲಿ ನನ್ನ ತಪ್ಪೂ ಸ್ವಲ್ಪ ಇದೆ.

ನನ್ನ ತವರು ತಿಪಟೂರಿನ ಕಡೆ. ಅಪ್ಪ ಕಟ್ಟಿಸಿದ ಹೆಂಚಿನ ಮನೆ. ಮುಂದೆ ಹಜಾರ, ಅದರ ಹಿಂದೆ ಹತ್ತಡಿ ಉದ್ದ, ಒಂಬತ್ತಡಿ ಅಗಲದ ಊಟದ ಕೋಣೆ, ಅದರಾಚೆ ಅಡುಗೆಮನೆ. ಗೋಡೆಗಳು ಒಂದೂವರೆ ಅಡಿ ದಪ್ಪ. ಹಜಾರದ ಮೇಲೆ ಅಟ್ಟ. ನಮ್ಮ ಕಡೆ ಅಟ್ಟವೆಂದರೆ ಹಳೇ ಪಾತ್ರೆ ಇಡುವ ಜಾಗ ಅಲ್ಲ. ತೆಂಗಿನಕಾಯಿ ಉಂಡೆ ಕೊಬ್ಬರಿಯಾಗುವ ತನಕ ತಿಂಗಳುಗಟ್ಟಲೆ ಅಲ್ಲೇ ಇರಬೇಕು.

ಅತ್ತಿಗೆ ಚೀಟಿ ಕಟ್ಟಿ 80,000 ರೂಪಾಯಿ ಕೂಡಿಸಿದ್ದರು. ಹಜಾರಕ್ಕೂ ಊಟದ ಕೋಣೆಗೂ ನಡುವಿನ ಗೋಡೆ ಒಡೆಸಬೇಕು, ಕೆಂಪು ನೆಲದ ಮೇಲೆ ಟೈಲ್ಸ್ ಹಾಕಿಸಬೇಕು ಎಂದು ಅಣ್ಣನ ಮಗನ ಹಟ. ಮೇಸ್ತ್ರಿಯೂ ಬಂದು ನೋಡಿದ್ದ. “ಎರಡೇ ದಿನದ ಕೆಲಸ ಅಮ್ಮಾವ್ರೇ” ಎಂದು ಸೋಮವಾರಕ್ಕೆ ಮುಹೂರ್ತ ಇಟ್ಟು ಹೋಗಿದ್ದ. “ನೀನು ಇಂಥದ್ದನ್ನೆಲ್ಲ ಬರೀತೀಯಲ್ಲ, ಒಂದ್ಸಲ ಬಂದು ನೋಡು” ಎಂದು ಅತ್ತಿಗೆ ಫೋನು ಮಾಡಿದರು. ಶುಕ್ರವಾರ ಸಂಜೆಯೇ ಬಸ್ಸು ಹತ್ತಿದೆ.

ಶನಿವಾರ ರಾತ್ರಿ ಊಟದ ಮಧ್ಯೆ ಉಪ್ಪಿಗೆಂದು ಅಡುಗೆಮನೆಗೆ ಹೋದೆ. ಅತ್ತಿಗೆ ಕಟ್ಟೆಗೆ ಒರಗಿ ನಿಂತು, ತಟ್ಟೆ ಕೈಯಲ್ಲಿ ಹಿಡಿದು ಸಾರನ್ನ ಉಣ್ಣುತ್ತಿದ್ದರು.

“ಇದೇನತ್ತಿಗೆ, ಬನ್ನಿ, ಕೂತ್ಕೊಂಡು ಊಟ ಮಾಡಿ.”

“ಎಲ್ಲಿ ಕೂತ್ಕೊಳ್ಳೋದು? ಜಾಗ ಎಲ್ಲಿದೆ?”

ಸಿಟ್ಟಿಲ್ಲ, ಬೇಸರವೂ ಇಲ್ಲ. ‘ಮೊಸರು ಮುಗೀತು’ ಅನ್ನುವ ಹಾಗೆ ಹೇಳಿದರು. ನಾನು ಉಪ್ಪಿನ ಬಟ್ಟಲು ಹಿಡಿದು ವಾಪಸು ಬಂದು ಕುರ್ಚಿಗಳನ್ನು ಎಣಿಸಿದೆ.

ಆರಡಿ ಉದ್ದ, ಮೂರೂವರೆ ಅಡಿ ಅಗಲದ ತೇಗದ ಮೇಜು. ಅಮ್ಮನ ಮಂಡಿ ನೋವಿಗೆ ನೆಲದ ಮೇಲೆ ಕೂರುವುದು ನಿಂತ ಮೇಲೆ, ಎಂಟು ವರ್ಷದ ಹಿಂದೆ ಮಾಡಿಸಿದ್ದು. ಒಂದು ಗೋಡೆಗೆ ಫ್ರಿಜ್ಜು ಇಟ್ಟಿದ್ದರಿಂದ ಮೇಜನ್ನು ಎದುರು ಗೋಡೆಗೆ ತಾಗಿಸಿಬಿಟ್ಟಿದ್ದರು. ಹೀಗಾಗಿ ಒಂದು ಬದಿಗೆ ಮೂರು ಕುರ್ಚಿ, ಒಂದು ತುದಿಗೆ ಒಂದು. ಇನ್ನೊಂದು ತುದಿ ಅಡುಗೆಮನೆಗೆ ದಾರಿ. ಕೊಂಡದ್ದು ಆರು ಕುರ್ಚಿ, ಕೂರಬಹುದಾದದ್ದು ನಾಲ್ಕು. ಉಳಿದ ಎರಡರ ಮೇಲೆ ಇಸ್ತ್ರಿ ಬಟ್ಟೆಯ ರಾಶಿ. ಮನೆಯಲ್ಲಿ ಇರುವವರು ಐದು ಜನ: ಅಮ್ಮ, ಅಣ್ಣ, ಮಕ್ಕಳಿಬ್ಬರು, ಅತ್ತಿಗೆ. ಐದನೆಯವರು ಯಾರು ಅಂತ ನಾನು ಹೇಳಬೇಕೇ?

ಮೊದಲು ನೆಲದ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದ ಕಾಲದಲ್ಲೂ ಬಡಿಸುವವರ ಊಟ ಕಡೆಗೇ. ಆದರೆ ಅವರಿಗೂ ಒಂದು ಮಣೆ ಅಂತ ಇರುತ್ತಿತ್ತು. ಮೇಜು ಬಂದ ಮೇಲೆ ಅದೂ ಹೋಯಿತು. ವರ್ಷಕ್ಕೆ ಎರಡು ಸಲ ನಾನು ಹೋಗಿ, ಅದೇ ಮೇಜಿನಲ್ಲಿ ಕೂತು ಬಡಿಸಿಕೊಂಡು ಉಂಡು ಬಂದಿದ್ದೇನೆ. ಮನೆಯನ್ನು ಚೆಂದ ಮಾಡುವುದು ಹೇಗೆಂದು ನಿಮಗೆಲ್ಲ ಬರೆಯುವವಳು ನಾನು! ಒಂದು ದಿನವಾದರೂ ಇದು ನನ್ನ ಕಣ್ಣಿಗೆ ಬೀಳಲಿಲ್ಲ.

ಗೋಡೆಗೆ ಕೈ ಹಚ್ಚುವ ಮುಂಚೆ

ಭಾನುವಾರ ಬೆಳಿಗ್ಗೆ ಅಣ್ಣನ ಪರಿಚಯದ ಎಂಜಿನಿಯರೊಬ್ಬರನ್ನು ಕರೆಸಿದೆವು. ಅವರು ಗೋಡೆ ನೋಡಲೇ ಇಲ್ಲ, ತಲೆ ಎತ್ತಿ ತೊಲೆ ನೋಡಿದರು. ಅಟ್ಟದ ತೊಲೆಗಳ ತುದಿ ಕೂತಿದ್ದದ್ದು ಒಡೆಯಬೇಕೆಂದಿದ್ದ ಆ ಗೋಡೆಯ ಮೇಲೇ. “ಅಮ್ಮಾ, ಇದು ಕೋಣೆ ಬೇರೆ ಮಾಡೋಕೆ ಕಟ್ಟಿದ ಗೋಡೆ ಅಲ್ಲ. ನಿಮ್ಮ ಅಟ್ಟ ಹೊತ್ಕೊಂಡಿರೋದೇ ಇದು. ಒಡೆದರೆ ಕಾಯಿ ಎಲ್ಲಾ ಊಟದ ತಟ್ಟೆಗೇ ಬೀಳ್ತವೆ” ಎಂದರು. ಅಣ್ಣನ ಮಗ ಸುಮ್ಮನಾದ.

ಆದ್ದರಿಂದ ಸೋದರಿಯರೇ, ಇದೊಂದನ್ನು ನೆನಪಿಡಿ. ಹಳೆಯ ಮಣ್ಣಿನ, ಕಲ್ಲಿನ, ಇಟ್ಟಿಗೆಯ ಮನೆಗಳಲ್ಲಿ ಛಾವಣಿಯ ಭಾರವನ್ನು ಸಾಮಾನ್ಯವಾಗಿ ಗೋಡೆಗಳೇ ಹೊತ್ತಿರುತ್ತವೆ. ಒಂಬತ್ತು ಅಂಗುಲ ಅಥವಾ ಅದಕ್ಕಿಂತ ದಪ್ಪವಾದ ಗೋಡೆಯ ಮೇಲೆ ಅನುಮಾನ ಇರಲೇಬೇಕು. ಪಿಲ್ಲರ್ ಹಾಕಿ ಕಟ್ಟಿದ ಹೊಸ ಮನೆಗಳಲ್ಲಿ ನಾಲ್ಕೂವರೆ ಅಂಗುಲದ ಅಡ್ಡಗೋಡೆ ಬರೀ ಮರೆಗಾಗಿ ಇರಬಹುದು. ಆದರೆ ‘ಇರಬಹುದು’ ಎಂದು ನಂಬಿ ಸುತ್ತಿಗೆ ಎತ್ತಬಾರದು. ಕಿಟಕಿಯನ್ನು ಬಾಗಿಲು ಮಾಡುವುದಾಗಲಿ, ಬಾಗಿಲನ್ನು ಅಗಲ ಮಾಡುವುದಾಗಲಿ, ತಿಳಿದವರನ್ನು ಕೇಳಿಯೇ ಮಾಡಬೇಕು.

ಇನ್ನು ತೆರೆದ ಅಡುಗೆಮನೆಯ ಮಾತು. ಚಿತ್ರದಲ್ಲಿರುವ ಆ ಅಡುಗೆಮನೆಯಲ್ಲಿ ಯಾರೂ ಒಣಮೆಣಸಿನಕಾಯಿ ಒಗ್ಗರಣೆ ಹಾಕುವುದಿಲ್ಲ! ನಮ್ಮ ಅಡುಗೆಯ ಘಾಟು, ಎಣ್ಣೆ ಜಿಡ್ಡು ನೇರ ಹೋಗಿ ಕೂರುವುದು ಸೋಫಾ ಬಟ್ಟೆಯ ಮೇಲೆ, ಪರದೆಯ ಮೇಲೆ. ಮಾಡಲೇಬೇಕೆಂದರೆ ಹೊಗೆಯನ್ನು ಹೊರಗೆ ತಳ್ಳುವ ಒಳ್ಳೆಯ ಫ್ಯಾನಿಗೋ ಚಿಮಣಿಗೋ ಮೊದಲು ಹಣ ತೆಗೆದಿಡಿ.

ಸೀಮೆಸುಣ್ಣದ ಉಪಾಯ

ಗೋಡೆ ಉಳಿಯಿತು. ಹಾಗಾದರೆ ಜಾಗ ಎಲ್ಲಿಂದ ತರುವುದು? ಅಳತೆ ಪಟ್ಟಿ, ಸೀಮೆಸುಣ್ಣ ಹಿಡಿದು ನಾನೂ ಅತ್ತಿಗೆಯೂ ನೆಲದ ಮೇಲೆ ಕೂತೆವು. ಮೇಜನ್ನು ಹಜಾರಕ್ಕೆ ಸಾಗಿಸಿ, ಊಟದ ಕೋಣೆಯ ಕೆಂಪು ನೆಲದ ಮೇಲೆ ಮೇಜು, ಕುರ್ಚಿ, ಫ್ರಿಜ್ಜು ಎಲ್ಲವನ್ನೂ ಗೆರೆ ಎಳೆದು ಬರೆದೆವು. ಎಳೆದ ಕುರ್ಚಿಗೂ ಜಾಗ ಬಿಟ್ಟು ಬರೆಯಬೇಕು, ಬರೀ ಮೇಜಿಗೆ ತಳ್ಳಿಟ್ಟ ಕುರ್ಚಿಗಲ್ಲ. ಆಮೇಲೆ ಸಾರಿನ ಪಾತ್ರೆ ಕೈಯಲ್ಲಿ ಹಿಡಿದಿರುವ ಹಾಗೆ ಓಡಾಡಿ ನೋಡಿದೆವು. ಗೆರೆ ತುಳಿದರೆ ಜಾಗ ಸಾಲದು ಎಂದೇ ಅರ್ಥ. ಅತ್ತಿಗೆ ಚಿಕ್ಕ ಹುಡುಗಿಯ ಹಾಗೆ ಕುಂಟೆಬಿಲ್ಲೆ ಹಾರಿದರು!

ಗೊತ್ತಾದದ್ದು ಇಷ್ಟು. ಜಾಗ ತಿಂದದ್ದು ಗೋಡೆ ಅಲ್ಲ, ಫ್ರಿಜ್ಜು. ಅಡುಗೆಮನೆಯ ಮೂಲೆಯಲ್ಲಿ ಹತ್ತು ವರ್ಷದಿಂದ ಯಾರೂ ಮುಟ್ಟದ ರುಬ್ಬುವ ಕಲ್ಲು ಇತ್ತು. ಅದು ಹಿತ್ತಲಿಗೆ ಹೋಯಿತು, ಆ ಜಾಗಕ್ಕೆ ಫ್ರಿಜ್ಜು ಬಂತು. ಒಲೆಯಿಂದ ದೂರ, ಗೋಡೆಯಿಂದ ನಾಲ್ಕು ಬೆರಳು ಈಚೆಗೆ; ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗು ಹಾಕಿಕೊಟ್ಟ. ಆಚಾರ್ರು ಮೇಜಿನ ಅಗಲವನ್ನು ಅರ್ಧ ಅಡಿ ಕಡಿಮೆ ಮಾಡಿಕೊಟ್ಟರು. ಈಗ ಲೆಕ್ಕ ನೋಡಿ: ಒಂಬತ್ತಡಿ ಅಗಲದ ಕೋಣೆಯಲ್ಲಿ ಮೂರಡಿ ಮೇಜು, ಎರಡೂ ಬದಿಗೆ ಮೂರು ಮೂರು ಅಡಿ. ಆರೂ ಕುರ್ಚಿ ಹಿಡಿಸಿದವು. ಮೇಜಿನ ಒಂದು ತುದಿ ಗೋಡೆಗೆ ತಾಗಿದೆ, ಅಡುಗೆಮನೆಯ ಕಡೆ ನಾಲ್ಕಡಿ ದಾರಿ ಉಳಿದಿದೆ.

ಗೋಡೆಯಲ್ಲೇ ಇದ್ದ ಹಳೆಯ ಗೂಡನ್ನು ಸುಣ್ಣ ಬಳಿದು ಚೊಕ್ಕ ಮಾಡಿ ಉಪ್ಪು, ಉಪ್ಪಿನಕಾಯಿ, ತುಪ್ಪ, ಚಟ್ನಿಪುಡಿ, ನೀರಿನ ತಂಬಿಗೆ ಇಟ್ಟೆವು. ಬಿಸಿ ಪಾತ್ರೆಗಳಿಗೆ ಮೇಜಿನ ನಡುವೆ ಮರದ ಹಲಗೆ. ಎಲ್ಲ ಕೈಗೆಟುಕುವಂತಿದ್ದರೆ ಬಡಿಸುವವರು ಏಳಬೇಕಾಗುವುದಿಲ್ಲ.

ಕತ್ತಲು ಹೋಗಲು

ಊಟದ ಕೋಣೆಯ ಮೇಲೆ ಅಟ್ಟವಿಲ್ಲ. ಮೂರು ಮಂಗಳೂರು ಹೆಂಚು ತೆಗೆಸಿ, ಅದೇ ಅಳತೆಯ ಗಾಜಿನ ಹೆಂಚು ಹೊದಿಸಿದೆವು. ಬಿಸಿಲು ನೇರ ಮೇಜಿನ ಮೇಲೆ ಬೀಳದಂತೆ ಸ್ವಲ್ಪ ಪಕ್ಕಕ್ಕೆ. ರಾತ್ರಿಗೆ ಮೇಜಿನಿಂದ ಎರಡೂವರೆ ಅಡಿ ಮೇಲೆ ತೂಗುವ ಒಂದು ದೀಪ. 9 ವ್ಯಾಟಿನ ಎಲ್‌ಇಡಿ ಬಲ್ಬು ಹಳೆಯ 60 ವ್ಯಾಟಿನ ಬಲ್ಬಿನಷ್ಟೇ ಬೆಳಕು ಕೊಡುತ್ತದೆ. ಡಬ್ಬಿಯ ಮೇಲೆ ‘ವಾರ್ಮ್ ವೈಟ್’ ಎಂದಿರುವುದನ್ನೇ ಕೇಳಿ ತನ್ನಿ. ನೀಲಿ ಛಾಯೆಯ ಬಿಳಿ ಬೆಳಕಿನಲ್ಲಿ ಎಂಥ ಹುಳಿಯೂ ಸಪ್ಪೆಯಾಗಿ ಕಾಣುತ್ತದೆ.

ಹಳೆಯ ಮಣ್ಣು ಗಾರೆಯ ಗೋಡೆಗಳಿಗೆ ಸುಣ್ಣವೇ ಮೇಲು. ತೇವ ಇರುವ ಗೋಡೆಗೆ ಪ್ಲಾಸ್ಟಿಕ್ ಪೇಂಟು ಬಳಿದರೆ ಒಳಗಿನ ತೇವ ಹೊರಗೆ ಬರಲಾಗದೆ ಬಣ್ಣ ಗುಳ್ಳೆಯೆದ್ದು ಸಿಪ್ಪೆ ಸಿಪ್ಪೆ ಉದುರುತ್ತದೆ.

ಹಜಾರದಲ್ಲಿ ಯಾರ ಮುಖ ಯಾರಿಗೆ?

ಹಜಾರದಲ್ಲಿ ಕಿಟಕಿಗೆ ಅಡ್ಡವಾಗಿ ಷೋಕೇಸು, ಸೋಫಾಗಳೆಲ್ಲ ಗೋಡೆಗೆ ಅಂಟಿಕೊಂಡು ಟಿ.ವಿ.ಗೆ ಮುಖ. ಮನೆಯವರ ಮುಖ ಮನೆಯವರಿಗೇ ಕಾಣದು! ಷೋಕೇಸನ್ನು ಕಿಟಕಿಯಿಲ್ಲದ ಗೋಡೆಗೆ ಸರಿಸಿದ್ದೇ ತಡ, ಅರ್ಧ ಹಜಾರ ಬೆಳಗಿತು. ಅದಕ್ಕೆ ಕಾಸು ಖರ್ಚಿಲ್ಲ. ಸೋಫಾಗಳನ್ನು ಎದುರುಬದುರು ಹಾಕಿ, ನಡುವೆ ನವಲಗುಂದದ ಜಮಖಾನೆ ಹಾಸಿದೆವು. ಧಾರವಾಡ ಜಿಲ್ಲೆಯ ಆ ಊರಿನಲ್ಲಿ ಹೆಣ್ಣುಮಕ್ಕಳೇ ಮಗ್ಗದ ಮುಂದೆ ಕೂತು ನೇಯುವ ಜಮಖಾನೆ ಇದು. ಅತ್ತಿಗೆ ಮದುವೆಯಲ್ಲಿ ಬಂದದ್ದು, ಪೆಟ್ಟಿಗೆಯಲ್ಲೇ ಇತ್ತು. ಅಮ್ಮನ ಓಡಾಟದ ದಾರಿಗೆ ಮಾತ್ರ ಅದರ ಅಂಚು ಬರದ ಹಾಗೆ ನೋಡಿಕೊಂಡೆವು.

ವಯಸ್ಸಾದವರಿಗೆ ಮೆತ್ತಗೆ ಹೂತುಹೋಗುವ ಸೋಫಾ ಬೇಡ. ಒಂದೂವರೆ ಅಡಿ ಎತ್ತರದ, ಗಟ್ಟಿಯಾದ, ಕೈಯಿರುವ ಕುರ್ಚಿ ಇರಲಿ. ಕೈ ಊರಿ ತಾವೇ ಏಳುತ್ತಾರೆ, ಯಾರನ್ನೂ ಕೂಗಬೇಕಾಗಿಲ್ಲ.

ಕೆಂಪು ನೆಲವನ್ನು ಹಾಗೇ ಉಳಿಸಿಕೊಂಡೆವು. ಮೇಲೆ ಟೈಲ್ಸ್ ಹಾಕಿದರೆ ನೆಲ ಎತ್ತರವಾಗಿ ಬಾಗಿಲುಗಳ ಬುಡ ಕತ್ತರಿಸಬೇಕು. ನುಣುಪು ಟೈಲ್ಸ್ ನೀರು ಬಿದ್ದರೆ ಜಾರುತ್ತದೆ ಕೂಡ. ಕೆಂಪು ನೆಲಕ್ಕೆ ಆಸಿಡ್ ಮುಟ್ಟಿಸಬೇಡಿ. ಸೌಮ್ಯವಾದ ಸೋಪಿನ ನೀರು ಸಾಕು. ಎಂದಾದರೊಮ್ಮೆ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ, ಜಿಡ್ಡು ಉಳಿಯದಂತೆ ಒಣಬಟ್ಟೆಯಲ್ಲಿ ಒರೆಸಿಬಿಡಿ.

ಕಿಟಕಿ ಪಕ್ಕದಲ್ಲಿ ಒಂದು ಹಳೇ ಬೆತ್ತದ ಕುರ್ಚಿ ಹಾಕಿದೆವು. ಹೂ ಕಟ್ಟಲು, ಸೊಪ್ಪು ಬಿಡಿಸಲು, ಪತ್ರಿಕೆ ಓದಲು. ಅದು ಅತ್ತಿಗೆಯದು ಎಂದು ಯಾರೂ ಹೇಳಲಿಲ್ಲ. ಆದರೆ ಅಣ್ಣ ಅದರಲ್ಲಿ ಕೂತಾಗ “ಅಪ್ಪಾ, ಅಮ್ಮನ ಜಾಗ” ಎಂದು ಮಗಳು ಎಬ್ಬಿಸಿದಳು.

ಕತ್ತರಿಸಿ ಇಟ್ಟುಕೊಳ್ಳಿ

* ಊಟದ ಮೇಜಿನ ಎತ್ತರ ಎರಡೂವರೆ ಅಡಿ, ಕುರ್ಚಿಯ ಕೂರುವ ಹಲಗೆ ಒಂದೂವರೆ ಅಡಿ.
* ಒಬ್ಬೊಬ್ಬರಿಗೆ ಮೇಜಿನ ಉದ್ದದಲ್ಲಿ ಎರಡಡಿ.
* ಕುರ್ಚಿ ಎಳೆದು ಕೂರಲು ಮೇಜಿನ ಅಂಚಿನಿಂದ ಎರಡೂವರೆ ಅಡಿ. ಹಿಂದೆ ಯಾರಾದರೂ ಹಾದುಹೋಗಬೇಕಾದರೆ ಮೂರಡಿ ಅಥವಾ ಹೆಚ್ಚು.
* ಚಿಕ್ಕ ಕೋಣೆಗೆ ನಾಲ್ಕಡಿ ಅಡ್ಡಳತೆಯ ದುಂಡು ಮೇಜು ನಾಲ್ವರಿಗೆ ಆರಾಮ. ಮೂಲೆ ತಗಲುವ ಭಯವಿಲ್ಲ.
* ಸೋಫಾಕ್ಕೂ ಟೀಪಾಯಿಗೂ ನಡುವೆ ಒಂದೂವರೆ ಅಡಿ. ಹಜಾರದಲ್ಲಿ ಓಡಾಡುವ ದಾರಿ ಮೂರಡಿ.

ಹದಿನೈದು ದಿನ ಬಿಟ್ಟು ಮತ್ತೆ ಹೋಗಿದ್ದೆ. ಊಟಕ್ಕೆ ಎಲ್ಲರೂ ಬಂದರು. ಅತ್ತಿಗೆ ಅಭ್ಯಾಸಬಲದಿಂದ ಅಡುಗೆಮನೆ ಬಾಗಿಲ ಪಕ್ಕದ ಕುರ್ಚಿ ಹಿಡಿದರು. ಅಮ್ಮ ನೋಡಿದರು. “ಅಲ್ಲಿ ಕೂತ್ರೆ ಎಲ್ಲಾ ನಿನ್ನನ್ನೇ ಎಬ್ಬಿಸ್ತಾರೆ. ನೀನು ಒಳಗಡೆ ಗೋಡೆ ಪಕ್ಕ ಕೂತ್ಕೋ. ಬೇಕಾದೋರು ಎದ್ದು ತಗೋತಾರೆ” ಎಂದರು. ಮೂವತ್ತು ವರ್ಷ ಬಡಿಸಿ ಕಡೆಗೆ ಉಂಡ ನನ್ನ ಅಮ್ಮ! ಅತ್ತಿಗೆ ಒಳಗಿನ ಕುರ್ಚಿಗೆ ಹೋಗಿ ಕೂತರು. ಎರಡು ಸಲ ಏಳಲು ಹೋಗಿ ಮತ್ತೆ ಕೂತರು. ಮಜ್ಜಿಗೆ ತಂದದ್ದು ಅಣ್ಣನ ಮಗ.

ಚೀಟಿ ಹಣದಲ್ಲಿ ಅರ್ಧವೂ ಖರ್ಚಾಗಿರಲಿಲ್ಲ. ಉಳಿದದ್ದು ಏನಾಯಿತೆಂದು ನಾನು ಕೇಳಲಿಲ್ಲ. ಅದು ಅವರ ಹಣ.

ಈ ಹಬ್ಬಕ್ಕೆ ಹೊಸ ಪರದೆ, ಹೊಸ ಸೋಫಾ ಕೊಳ್ಳುವ ಯೋಚನೆ ಇದ್ದರೆ ಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ಮುಂಚೆ ಇವತ್ತು ರಾತ್ರಿ ಊಟದ ಹೊತ್ತಿಗೆ ಒಮ್ಮೆ ಕುರ್ಚಿ ಎಣಿಸಿ. ನಿಮ್ಮನ್ನೂ ಸೇರಿಸಿ ಎಣಿಸಿ. ಕಡಿಮೆ ಬಿದ್ದರೆ ನಾಳೆ ಬೆಳಿಗ್ಗೆ ಸೀಮೆಸುಣ್ಣ ಕೈಗೆ ತೆಗೆದುಕೊಳ್ಳಿ. ಏನಾಯಿತೆಂದು ನಮಗೆ ಬರೆದು ತಿಳಿಸಲು ಮರೆಯಬೇಡಿ.